ವಾಕ್ಯಭಾಗದಿಂದ ಪಾಠ ಕಲಿಯುವುದು: ನಾನು ಓದುವ ರೀತಿ

ಅಮ್ಮ ಹಾಸಿಗೆ ಹಿಡಿದಿದ್ದ ವರ್ಷ ನಾನು ಸತ್ಯವೇದದ (ಬೈಬಲಿನ) ಯೆರೆಮೀಯ 29:11ನ್ನು ಒಂದು ಚೀಟಿಯಲ್ಲಿ ಬರೆದು ಅವರ ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೆ. ನಿಮ್ಮ ಬಗ್ಗೆ ನನ್ನ ಆಲೋಚನೆ ಕೇಡಿನದಲ್ಲ, ಹಿತದ್ದೇ ಎಂದು ದೇವರು ಹೇಳುವ ವಚನ ಅದು. ಅಮ್ಮ ಬೇಗ ಎದ್ದು ಓಡಾಡ್ತಾರೆ ಅಂತಲೇ ನಾನು ಅದನ್ನು ಓದಿಕೊಂಡೆ. ಎಂಟು ತಿಂಗಳಿಗೆ ಅವರು ತೀರಿಕೊಂಡರು. ಚೀಟಿ ಕೀಳುವಾಗ ನನಗೆ ದೇವರ ಮೇಲೆ ಕೋಪವಿತ್ತು.

ಬಹಳ ದಿನ ಆ ಪುಟ ತೆರೆಯಲಿಲ್ಲ. ಆಮೇಲೆ ಒಂದು ರಾತ್ರಿ ಇಡೀ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅದು ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಸೆರೆ ಒಯ್ದ ಜನರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಹಿಂದಿನ ಅಧ್ಯಾಯವನ್ನೂ ನೋಡಿದೆ. ಅಲ್ಲಿ ಹನನ್ಯ ಎಂಬ ಸುಳ್ಳು ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರ್ತಾರೆ ಅಂತ ಸಾರುತ್ತಾನೆ. ಯೆರೆಮೀಯನ ಪತ್ರ ಹೇಳುವುದು 70 ವರ್ಷ. ಇದು 10ನೇ ವಚನದಲ್ಲೇ ಇದೆ, ನನ್ನ ಚೀಟಿಯ ವಚನಕ್ಕೆ ಸರಿಯಾಗಿ ಹಿಂದೆ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ ಪತ್ರ. ಅದನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಸೆರೆಯಲ್ಲೇ ಸತ್ತಿರಬೇಕು. ಆದರೂ ಆ ವಾಗ್ದಾನ ಅವರದ್ದೂ ಆಗಿತ್ತು.

ಯೆರೆಮೀಯನ ಮಾತು ಓದುತ್ತಾ ನಾನು ನಂಬಿದ್ದು ಹನನ್ಯನ ಮಾತನ್ನು. ಅದು ಗೊತ್ತಾದ ರಾತ್ರಿ ತುಂಬಾ ಅತ್ತೆ. ಆದರೆ ಅಮ್ಮನ ಕೊನೆಯ ತಿಂಗಳುಗಳೂ ಬೇರೆಯಾಗಿ ಕಂಡವು. ಅವರ ಬಟ್ಟೆ ಒಗೆದದ್ದು, ತಲೆ ಬಾಚಿದ್ದು, ಪಕ್ಕದ ಮನೆಯವರಿಗಾಗಿ ಅವರು ಮಲಗಿದ್ದಲ್ಲೇ ಪ್ರಾರ್ಥಿಸಿದ್ದು, ಇವೆಲ್ಲ 5ರಿಂದ 7ನೇ ವಚನದ ಬದುಕೇ ಅಲ್ವಾ?

ಅಂದಿನಿಂದ ನಾನು ಒಂಟಿ ವಚನ ಓದುವುದನ್ನು ಬಿಟ್ಟೆ. ನಿಮಗೂ ಮೊದಲು ಹೇಳುವುದು ಇದನ್ನೇ. ಒಂದು ವಚನ ಮನಸ್ಸಿಗೆ ಹಿಡಿಸಿದರೆ ಅದರ ಹಿಂದಿನ ಅಧ್ಯಾಯದಿಂದ ಓದಲು ಶುರು ಮಾಡಿ. ಸತ್ಯವೇದ ಬರೆದವರು ಅಧ್ಯಾಯದ ಅಂಕಿ ಹಾಕಿರಲಿಲ್ಲ. ಈಗಿನ ಅಧ್ಯಾಯಗಳ ವಿಭಾಗ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಅಂಕಿ ಬಂದದ್ದು 1551ರಲ್ಲಿ. ಹುಡುಕಲು ಅವು ಬೇಕು. ಓದು ನಿಲ್ಲಿಸುವ ಜಾಗ ಅವಲ್ಲ.

ಆಮೇಲೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಕೇಳಿ. ತಪ್ಪಿಹೋದ ಮಗನ ಸಾಮ್ಯವನ್ನು (ಯೇಸುಸ್ವಾಮಿ ಹೇಳಿದ ದೃಷ್ಟಾಂತ ಕಥೆಯನ್ನು) ನಾವು ಯಾವಾಗಲೂ ಕಿರಿಯ ಮಗನ ಕಥೆಯಾಗಿಯೇ ಹೇಳ್ತೀವಿ. ಲೂಕ 15ರ ಮೊದಲೆರಡು ವಚನ ನೋಡಿ. ಯೇಸುಸ್ವಾಮಿ ಪಾಪಿಗಳ ಜೊತೆ ಊಟ ಮಾಡ್ತಾರೆ ಅಂತ ಆಗಿನ ಧರ್ಮದ ಮುಖಂಡರಾದ ಫರಿಸಾಯರು, ಶಾಸ್ತ್ರಿಗಳು ಗೊಣಗುತ್ತಿದ್ದರು. ಅವರಿಗೆ ಹೇಳಿದ ಕಥೆ ಅದು. ಮರಳಿ ಬಂದ ತಮ್ಮನಿಗೆ ಔತಣ ಮಾಡಿದ್ದಕ್ಕೆ ಸಿಟ್ಟಾಗಿ ಹೊರಗೇ ನಿಂತ ಹಿರಿಯ ಮಗ ಕೊನೆಗೆ ಮನೆಯೊಳಗೆ ಹೋದನೋ ಇಲ್ಲವೋ ಹೇಳದೆಯೇ ಕಥೆ ಮುಗಿಯುತ್ತದೆ. ಸಭೆಗೆ (ಚರ್ಚಿಗೆ) ವರ್ಷಗಟ್ಟಲೆ ತಪ್ಪದೆ ಬರುವ ನನ್ನಂಥವರು ಆ ಬಾಗಿಲಲ್ಲಿ ನಿಂತು ಓದಬೇಕು.

ಇನ್ನು ಓದುವ ಕೆಲಸ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಭಾಗವನ್ನು ಮೂರು ಸಲ ಓದಿ, ಒಂದು ಸಲವಾದರೂ ಜೋರಾಗಿ. ನಂತರ ಅಲ್ಲಿ ಏನಿದೆಯೋ ಅದನ್ನಷ್ಟೇ ಬರೆಯಿರಿ. ಪಾಠ ಆಮೇಲೆ. ಮಾರ್ಕ 4:35-41ರ ಬಗ್ಗೆ ನಾನು ಬರೆದುಕೊಂಡದ್ದು ಹೀಗಿದೆ. ಆಚೆ ದಡಕ್ಕೆ ಹೋಗೋಣ ಎಂದವರು ಯೇಸುಸ್ವಾಮಿಯೇ. ಬೇರೆ ದೋಣಿಗಳೂ ಜೊತೆಗಿದ್ದವು. ಬಿರುಗಾಳಿ ಎದ್ದಾಗ ಯೇಸುಸ್ವಾಮಿ ದೋಣಿಯ ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ನಿದ್ರೆ ಮಾಡುತ್ತಿದ್ದರು. ಶಿಷ್ಯರು ಕಾಪಾಡಿ ಅನ್ನಲಿಲ್ಲ, ನಾವು ಸಾಯುತ್ತಿದ್ದರೂ ನಿಮಗೆ ಚಿಂತೆಯಿಲ್ಲವೇ ಅಂದರು. ಯೇಸುಸ್ವಾಮಿಯ ಮಾತಿಗೆ ಗಾಳಿ ನಿಂತ ಮೇಲೆ ಶಿಷ್ಯರ ಭಯ ಇನ್ನೂ ಜಾಸ್ತಿ ಆಯಿತು.

ಈ ಕೊನೆಯ ಸಾಲು ಬರೆಯುವಾಗ ನನ್ನ ಪೆನ್ನು ನಿಂತಿತು. ನಾನು ಎಷ್ಟೋ ಸಲ ಈ ಭಾಗ ಓದಿ, ನನ್ನ ಕಷ್ಟದ ಬಿರುಗಾಳಿಯೂ ನಿಲ್ಲುತ್ತದೆ ಅಂತ ಸಮಾಧಾನ ಮಾಡಿಕೊಂಡಿದ್ದೆ. ಈ ಭಾಗ ಮುಗಿಯುವುದೋ, ಇವರು ಯಾರಿರಬಹುದು ಎಂಬ ಶಿಷ್ಯರ ಪ್ರಶ್ನೆಯಲ್ಲಿ. ಹಾಗಾಗಿ ಇಲ್ಲಿ ಮೊದಲು ಕಲಿಯಬೇಕಾದದ್ದು ಯೇಸುಸ್ವಾಮಿಯ ಬಗ್ಗೆ. ನನ್ನ ಕಷ್ಟದ ಮಾತು ಎರಡನೆಯದು. ಬೇರೆ ಭಾಗಗಳಲ್ಲೂ ನಾನು ಇದೇ ಕ್ರಮ ಇಟ್ಟುಕೊಂಡಿದ್ದೇನೆ: ಇಲ್ಲಿ ದೇವರು ಎಂಥವರಾಗಿ ಕಾಣುತ್ತಾರೆ, ಜನ ಹೇಗೆ ನಡೆದುಕೊಂಡರು, ನಾನು ಏನು ಮಾಡಬೇಕು.

ಒಂದು ಎಚ್ಚರಿಕೆ. ಸತ್ಯವೇದದಲ್ಲಿ ಒಬ್ಬರು ಒಂದು ಕೆಲಸ ಮಾಡಿದರು ಅಂದರೆ ನಾವೂ ಮಾಡಬೇಕು ಅಂತಲ್ಲ. ಮದುವೆ, ಕೆಲಸ ಏನೇ ಬರಲಿ, ಇಸ್ರಾಯೇಲಿನ ನಾಯಕ ಗಿದ್ಯೋನನ ಹಾಗೆ ತುಪ್ಪಟ (ಕುರಿಯ ಉಣ್ಣೆ) ಹಾಸಿ ದೇವರಿಂದ ಗುರುತು ಕೇಳುವವರಿದ್ದಾರೆ. ನ್ಯಾಯಸ್ಥಾಪಕರು 6 ಪೂರ್ತಿ ಓದಿ. ನಾನು ನಿನ್ನ ಸಂಗಡ ಇರುತ್ತೇನೆ ಎಂದು ದೇವರು ಗಿದ್ಯೋನನಿಗೆ ಅದಕ್ಕಿಂತ ಮೊದಲೇ ಹೇಳಿದ್ದರು. ಅಲ್ಲಿ ಕಾಣುವುದು ಹೆದರಿದ ಮನುಷ್ಯನನ್ನು ದೇವರು ಸಹಿಸಿಕೊಂಡ ತಾಳ್ಮೆ.

ಸಿಕ್ಕ ಪಾಠ ಸರಿಯೇ ಅಂತ ನೋಡಲು ಬೇರೆ ವಾಕ್ಯಗಳ ಪಕ್ಕ ಇಡಿ. ಮತ್ತಾಯ 4ರಲ್ಲಿ ಯೇಸುಸ್ವಾಮಿಯನ್ನು ಪರೀಕ್ಷಿಸಲು ಸೈತಾನನೂ 91ನೇ ಕೀರ್ತನೆಯ ಮಾತನ್ನೇ ಹೇಳುತ್ತಾನೆ. ಯೇಸುಸ್ವಾಮಿ ಧರ್ಮೋಪದೇಶಕಾಂಡದ ಇನ್ನೊಂದು ವಾಕ್ಯ ಎದುರಿಗಿಟ್ಟು ಉತ್ತರ ಕೊಡುತ್ತಾರೆ.

ಕೊನೆಗೆ ಮಾಡುವ ಕೆಲಸವನ್ನು ಚಿಕ್ಕದಾಗಿ ಬರೆಯಿರಿ. ಸುಮ್ನೆ ‘ನಂಬಿಕೆಯಲ್ಲಿ ಬೆಳೆಯಬೇಕು’ ಅಂತ ಬರೆದರೆ ನಾಳೆ ಬೆಳಿಗ್ಗೆ ಏನು ಮಾಡ್ತೀರಿ? 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾಯಬೇಕು ಅಂತ ಮಲಗಿದಾಗ ದೇವದೂತ ಎರಡು ಸಲ ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎನ್ನುತ್ತಾನೆ. ಕೆಂಡದಲ್ಲಿ ಸುಟ್ಟ ರೊಟ್ಟಿ, ನೀರು, ನಿದ್ದೆ. ಹೋರೇಬ್ ಬೆಟ್ಟದಲ್ಲಿ ದೇವರ ಮಾತು ಬರುವುದು ಅದಾದ ಮೇಲೆ. ಇದನ್ನು ಓದಿದ ದಿನ ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: ‘ಗಂಡನನ್ನು ಕಳೆದುಕೊಂಡ ಗೆಳತಿಗೆ ವಾಕ್ಯ ಹೇಳುವ ಮೊದಲು ಊಟ ಒಯ್ಯಬೇಕು.’ ಒಯ್ದೆ. ಅವಳು ಊಟ ಮಾಡಿ ಮಲಗಿದಳು. ನಾನು ಪಾತ್ರೆ ತೊಳೆದಿಟ್ಟು ಬಂದೆ.

ನೀವು ಇವತ್ತೇ ಶುರು ಮಾಡುವುದಾದರೆ ಮಾರ್ಕ 10:46-52 ತೆಗೆದುಕೊಳ್ಳಿ, ಕುರುಡ ಬಾರ್ತಿಮಾಯನ ಭಾಗ. ನಿನಗೆ ನಾನು ಏನು ಮಾಡಬೇಕು ಅಂತ ಯೇಸುಸ್ವಾಮಿ ಅವನನ್ನು ಕೇಳುತ್ತಾರೆ. ಹದಿನೈದು ವಚನ ಹಿಂದಕ್ಕೆ ಹೋಗಿ. 36ನೇ ವಚನದಲ್ಲಿ ಇದೇ ಪ್ರಶ್ನೆಯನ್ನು ಇನ್ನಿಬ್ಬರಿಗೂ ಕೇಳಿದ್ದಾರೆ. ಅವರು ಯಾರು, ಏನು ಬೇಡಿದರು, ಬರೆದುಕೊಳ್ಳಿ. ಕೆಳಗೆ ಒಂದು ಸಾಲು ಖಾಲಿ ಬಿಟ್ಟು, ನಿಮ್ಮನ್ನೇ ಕೇಳಿದರೆ ನೀವು ಏನು ಹೇಳುತ್ತೀರೋ ಅದನ್ನೂ ಬರೆಯಿರಿ.