ಡಿಮ್‌ನಲ್ಲಿದ್ದರೂ ಎದುರಿನವರ ಕಣ್ಣಿಗೆ ಹೊಡೆಯುತ್ತಿದೆಯಾ? ಹೆಡ್‌ಲೈಟ್ ಬೆಳಕಿಗೆ ಗೆರೆ ಎಳೆಯುವುದು ಹೀಗೆ

ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ಟೀ ಕುಡಿಯಲು ನಿಲ್ಲಿಸಿದ್ದೆ. ಘಾಟಿ ಪೂರ್ತಿ ನನ್ನ ಮುಂದೆಯೇ ಇಳಿದಿದ್ದ ಲಾರಿಯವರೂ ಅಲ್ಲೇ ನಿಂತಿದ್ದರು. ಹತ್ತಿರ ಬಂದು, "ಏನ್ ಸಾರ್, ಡಿಮ್ ಮಾಡೋಕಾಗಲ್ವಾ? ಕನ್ನಡಿ ತುಂಬ ನಿಮ್ಮ ಲೈಟೇ" ಅಂದರು. "ಡಿಮ್ಮಲ್ಲೇ ಇತ್ತಣ್ಣ" ಅಂದೆ. ನಿಜಕ್ಕೂ ಇತ್ತು. ಅವರು ವಾದ ಮಾಡಲಿಲ್ಲ. "ಒಂದ್ಸಲ ಆನ್ ಮಾಡಿ, ಮುಂದೆ ಬಂದು ನಿಂತ್ಕೊಳ್ಳಿ" ಅಂದರು, ಅಷ್ಟೇ. ನಿಂತೆ. ಕಣ್ಣು ಬಿಡಲಾಗಲಿಲ್ಲ. ತಿಂಗಳ ಹಿಂದಷ್ಟೇ ಹಳೇ ಹ್ಯಾಲೊಜೆನ್ ಬಲ್ಬ್ ತೆಗೆಸಿ ಬಿಳಿ ಎಲ್‌ಇಡಿ ಹಾಕಿಸಿದ್ದೆ, ಒಳಗೆ ಕೂತವನಿಗೆ ರಸ್ತೆ ಮೇಲೆ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು, ಖುಷಿಯಲ್ಲಿದ್ದೆ.

ಅಲ್ಲಿಂದ ಶುರುವಾಯಿತು ನನ್ನ ಹೆಡ್‌ಲೈಟ್ ಹುಚ್ಚು. ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡುವವರಿಗೆ, ಗಾಡಿಗೆ ದೀಪ ಬದಲಿಸಬೇಕು ಅಂತಿರುವವರಿಗೆ, ಸುಮ್ನೆ ಇರುವ ದೀಪವನ್ನೇ ಸರಿಮಾಡಿಕೊಳ್ಳಬೇಕು ಅನ್ನುವವರಿಗೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಣ್ಣಿನ ವಿಷಯ. ಎದುರಿನ ಬೆಳಕು ಎರಡು ರೀತಿ ತೊಂದರೆ ಕೊಡುತ್ತದೆ. ಒಂದು, ಬೆಳಕು ಕಣ್ಣಿನೊಳಗೇ ಚದುರಿ ನೋಟದ ಮೇಲೆ ತೆಳು ಪರದೆ ಹಾಕುತ್ತದೆ, ಮಂಜು ಹಿಡಿದ ಗಾಜಿನ ಮೂಲಕ ನೋಡಿದ ಹಾಗೆ. ನಾವು ನೋಡುತ್ತಿರುವ ಜಾಗಕ್ಕೂ ಆ ದೀಪಕ್ಕೂ ನಡುವಿನ ಕೋನ ಅರ್ಧವಾದರೆ ಪರದೆ ಸುಮಾರು ನಾಲ್ಕು ಪಟ್ಟು ದಪ್ಪವಾಗುತ್ತದೆ. ಡಿವೈಡರ್ ಇಲ್ಲದ ಕಿರಿದಾದ ರಸ್ತೆಯಲ್ಲಿ ಜಾಸ್ತಿ ಕಷ್ಟವಾಗುವುದು ಇದಕ್ಕೇ. ವಯಸ್ಸಾದವರ ಕಣ್ಣಿನಲ್ಲಿ ಬೆಳಕು ಚದುರುವುದು ಇನ್ನೂ ಹೆಚ್ಚು. ಎರಡನೆಯದು ಕಿರಿಕಿರಿ. ಅಷ್ಟೇ ಬೆಳಕು ಅಂಗೈ ಅಗಲದ ಗಾಜಿನಿಂದ ಬಂದರೆ ತಡೆದುಕೊಳ್ಳಬಹುದು, ಎರಡು ಬೆರಳು ಅಗಲದ ಸೀಳಿನಿಂದ ಬಂದರೆ ಚುಚ್ಚುತ್ತದೆ. ಈಗಿನ ಫ್ಯಾಷನ್ ಮಾತ್ರ ಸೀಳುಗಣ್ಣಿನ ದೀಪ. ನೀವೇ ವಿನ್ಯಾಸ ಮಾಡುವವರಾದರೆ ಬೆಳಗುವ ಮುಖ ಆದಷ್ಟು ದೊಡ್ಡದಿರಲಿ, ಸ್ಟೈಲ್ ಮಾಡುವವರ ಜೊತೆ ಅದಕ್ಕಾಗಿ ಜಗಳವಾಡಿ.

ಗೆರೆ ಎಲ್ಲಿರಬೇಕು

ಡಿಮ್ ಅಂದರೆ ಮಂಕು ಬೆಳಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಳ್ಳೆಯ ಲೋ ಬೀಮ್‌ನಲ್ಲಿ (ಡಿಮ್‌ಗೆ ಇನ್ನೊಂದು ಹೆಸರು) ಒಂದು ಗೆರೆ ಇರುತ್ತದೆ, ಗೆರೆ ಕೆಳಗೆ ಬೇಕಾದಷ್ಟು ಬೆಳಕು, ಮೇಲೆ ಹತ್ತಿರ ಹತ್ತಿರ ಕತ್ತಲು. ನಾವು ಎಡಕ್ಕೆ ಓಡಿಸುವವರು, ಹಾಗಾಗಿ ನಮ್ಮ ಗೆರೆ ಬಲಕ್ಕೆ ಮಟ್ಟಸವಾಗಿರಬೇಕು, ಎದುರಿನಿಂದ ಬರುವವರು ಆ ಕಡೆ ಇರುತ್ತಾರೆ. ಎಡಕ್ಕೆ ಅದೇ ಗೆರೆ ಸುಮಾರು 15 ಡಿಗ್ರಿ ಮೇಲೇರಬಹುದು, ರಸ್ತೆಯಂಚಿನಲ್ಲಿ ನಡೆದು ಹೋಗುವವರು, ಸೈಕಲ್ಲಿನವರು, ಮಲಗಿದ ಎಮ್ಮೆ ಎಲ್ಲ ಕಾಣಲಿ ಅಂತ. ಬಲಕ್ಕೆ ಓಡಿಸುವ ದೇಶದ ದೀಪ ತರಿಸಿ ಹಾಕಿದರೆ ಈ ಏರು ಸೀದಾ ಎದುರಿನವರ ಮುಖಕ್ಕೆ ಹೋಗುತ್ತದೆ. ಗಾಜಿನ ಮೇಲೆ 'ಇ' ಗುರುತಿರುವ (ವಿಶ್ವಸಂಸ್ಥೆಯ ನಿಯಮದ ಪ್ರಕಾರ ಒಪ್ಪಿಗೆ ಪಡೆದ) ದೀಪವಾದರೆ ಪಕ್ಕದಲ್ಲಿ ಬಾಣದ ಗುರುತು ಹುಡುಕಿ. ದೀಪದ ಎದುರು ನಿಂತು ನೋಡುವಾಗ ಬಾಣ ನಿಮ್ಮ ಬಲಕ್ಕೆ ತೋರಿಸುತ್ತಿದ್ದರೆ ಅದು ನಮ್ಮಂಥ ರಸ್ತೆಯದು. ಬಾಣವೇ ಇಲ್ಲದಿದ್ದರೆ ಕೊಳ್ಳಬೇಡಿ.

ಗೆರೆ ಎಷ್ಟು ಕೆಳಗಿರಬೇಕು ಅನ್ನುವುದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. 1% ಅಂದರೆ ಪ್ರತಿ ಮೀಟರಿಗೆ 1 ಸೆಂಟಿಮೀಟರ್ ಇಳಿತ. ದೀಪ ನೆಲದಿಂದ 65 ಸೆಂ.ಮೀ ಎತ್ತರದಲ್ಲಿದ್ದರೆ, 1% ಇಳಿತದಲ್ಲಿ ಬೆಳಕು 65 ಮೀಟರ್ ದೂರಕ್ಕೆ ರಸ್ತೆ ಮುಟ್ಟುತ್ತದೆ. ಸಾಮಾನ್ಯ ಕಾರಿಗೆ 1ರಿಂದ 1.5% ಹದವಾದ ಇಳಿತ. ಈಗ ತಪ್ಪಿದರೆ ಏನಾಗುತ್ತದೆ ನೋಡಿ. 50 ಮೀಟರ್ ದೂರದಲ್ಲಿ ಗೆರೆ ನೆಲದಿಂದ 15 ಸೆಂ.ಮೀ ಮೇಲಿರಬೇಕಿತ್ತು. ದೀಪ ಒಂದೇ ಒಂದು ಡಿಗ್ರಿ ಮೇಲಕ್ಕೆ ತಿರುಗಿದರೆ ಅಲ್ಲಿ 87 ಸೆಂ.ಮೀ ಜಾಸ್ತಿಯಾಗಿ 102ಕ್ಕೆ ಬರುತ್ತದೆ. ಸಣ್ಣ ಕಾರಿನಲ್ಲಿ ಕೂತವರ ಕಣ್ಣು ಇರುವುದು ಸುಮಾರು 110-120ರಲ್ಲಿ. ಒಂದು ಸಣ್ಣ ಹಂಪ್ ಸಿಕ್ಕರೆ ಮುಗಿಯಿತು.

ಡಿಕ್ಕಿ ತುಂಬ ಅಕ್ಕಿಮೂಟೆ, ಹಿಂದಿನ ಸೀಟಿನಲ್ಲಿ ಮೂರು ಜನ ಅಂದುಕೊಳ್ಳಿ. ಹಿಂಭಾಗ 4 ಸೆಂ.ಮೀ ಕೂತಿತು. ಮುಂದಿನ ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಇದ್ದರೆ ಮೂತಿ 1.6% ಮೇಲಕ್ಕೆದ್ದ ಲೆಕ್ಕ. ನೀವು ಕಷ್ಟಪಟ್ಟು ಇಟ್ಟ 1% ಇಳಿತ ಹೋಗಿ ಈಗ 0.6% ಏರು ಆಯಿತು, 100 ಮೀಟರ್ ದೂರದಲ್ಲಿ ಗೆರೆ 125 ಸೆಂ.ಮೀಗೆ ಬಂತು, ಸರಿಯಾಗಿ ಕಣ್ಣಿಗೆ. ಸ್ಟಿಯರಿಂಗ್ ಹತ್ತಿರ 0, 1, 2, 3 ಅಂತ ಬರೆದ ಸಣ್ಣ ಗಾಲಿ ಇರುತ್ತದಲ್ಲ, ಅದು ಇರುವುದು ಇದಕ್ಕೇ. ಒಬ್ಬರೇ ಇದ್ದಾಗ 0, ಹೊರೆ ಜಾಸ್ತಿಯಾದಷ್ಟೂ ಮೇಲಿನ ಅಂಕಿ. ಅದನ್ನು ಮುಟ್ಟಿಯೇ ಇಲ್ಲದವರು ಎಷ್ಟು ಜನ ಅಂತ ನಿಮ್ಮ ನೆಂಟರಿಷ್ಟರಲ್ಲೇ ಕೇಳಿ ನೋಡಿ. ವಿಶ್ವಸಂಸ್ಥೆಯ 48ನೇ ನಿಯಮಾವಳಿಯಂತೂ, ಲೋ ಬೀಮ್‌ನ ಬೆಳಕಿನ ಮೂಲ 2,000 ಲೂಮೆನ್ (ಬೆಳಕಿನ ಪ್ರಮಾಣದ ಅಳತೆ) ದಾಟಿದರೆ ಈ ಏರಿಳಿತ ತಾನಾಗಿಯೇ ಸರಿಹೋಗುವಂತಿರಬೇಕು ಅನ್ನುತ್ತದೆ. ಜನ ಗಾಲಿ ತಿರುಗಿಸುತ್ತಾರೆ ಅಂತ ನಂಬಿ ದೀಪ ವಿನ್ಯಾಸ ಮಾಡಬೇಡಿ.

ಬಟ್ಟಲು ಮತ್ತು ಬಲ್ಬ್

ಹಳೇ ಬಗೆಯ ಎಚ್4 ದೀಪವನ್ನು (ಹೈ, ಲೋ ಎರಡಕ್ಕೂ ಒಂದೇ ಹ್ಯಾಲೊಜೆನ್ ಬಲ್ಬ್ ಇರುವಂಥದ್ದು) ಒಮ್ಮೆ ಬಿಚ್ಚಿ ನೋಡಿ, ಎಷ್ಟು ಜಾಣತನದ ಕೆಲಸ ಅಂತ ಗೊತ್ತಾಗುತ್ತದೆ. ಬಲ್ಬಿನೊಳಗೆ ಎರಡು ತಂತಿ, ಹೈಗೆ 60 ವ್ಯಾಟ್, ಲೋಗೆ 55. ಬಲ್ಬಿನ ಸುತ್ತ ಬೆಳಕನ್ನು ಮುಂದಕ್ಕೆ ತಿರುಗಿಸುವ ಹೊಳೆಯುವ ಬಟ್ಟಲು, ಅಂದರೆ ರಿಫ್ಲೆಕ್ಟರ್. ಹೈ ಬೀಮ್ ತಂತಿ ಬಟ್ಟಲಿನ ನಾಭಿಯಲ್ಲಿದೆ (ಫೋಕಸ್), ಬೆಳಕು ನೇರ ಮುಂದಕ್ಕೆ ಹೋಗುತ್ತದೆ. ಲೋ ಬೀಮ್ ತಂತಿ ಸ್ವಲ್ಪ ಮುಂದಿದೆ. ಹಾಗೆ ಮುಂದಿದ್ದಾಗ ಬಟ್ಟಲಿನ ಮೇಲರ್ಧಕ್ಕೆ ಬಿದ್ದ ಬೆಳಕು ಕೆಳಕ್ಕೂ ಕೆಳಗಿನ ಅರ್ಧಕ್ಕೆ ಬಿದ್ದದ್ದು ಮೇಲಕ್ಕೂ ಹೋಗುತ್ತದೆ. ಮೇಲಕ್ಕೆ ಹೋಗುವುದು ಬೇಡ, ಅದಕ್ಕೇ ತಂತಿಯ ಕೆಳಗೆ ಉಗುರಿನಷ್ಟು ದೊಡ್ಡ ಲೋಹದ ದೊನ್ನೆ ಇಟ್ಟಿದ್ದಾರೆ. ಕೆಳಗಿನ ಅರ್ಧಕ್ಕೆ ಬೆಳಕೇ ಬೀಳುವುದಿಲ್ಲ. ಆ ದೊನ್ನೆಯ ಅಂಚೇ ರಸ್ತೆಯ ಮೇಲಿನ ಗೆರೆ.

ಹಿಂದೆ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿಯುತ್ತಿದ್ದರು, ನೆನಪಿದೆಯಾ? ಎಚ್4 ದೀಪಕ್ಕೆ ಹಾಗೆ ಬಳಿದರೆ ರಸ್ತೆಗೆ ಬೀಳಬೇಕಾದ ಲೋ ಬೀಮ್ ಬೆಳಕೇ ಅಡ್ಡಗಟ್ಟಿದಂತೆ, ಯಾಕೆಂದರೆ ಅದು ಬರುವುದೇ ಮೇಲರ್ಧದಿಂದ. ಆಗ ಡ್ರೈವರ್‌ಗೆ ಕಾಣದೆ ಹೈ ಬೀಮ್ ಹಾಕಿಕೊಂಡೇ ಓಡಿಸುತ್ತಾನೆ.

ನನ್ನ ಎಲ್‌ಇಡಿ ಬಲ್ಬಿಗೆ ಬರೋಣ. ತೆಳು ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿ, ಹಿಂದೆ ಸಣ್ಣ ಫ್ಯಾನ್ ಇಟ್ಟಿದ್ದರು. ಹಳೇ ತಂತಿ ಇದ್ದ ಜಾಗಕ್ಕೂ ಚಿಪ್ ಇದ್ದ ಜಾಗಕ್ಕೂ ಹೊಂದಿಕೆಯಿರಲಿಲ್ಲ, ದೊನ್ನೆಯೂ ನೆಪಮಾತ್ರಕ್ಕೆ. ಬಟ್ಟಲಿನ ವಕ್ರತೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಆ ತಂತಿಗಾಗಿಯೇ ಕಡೆದಿರುತ್ತಾರೆ. ಬೆಳಕಿನ ಜಾಗ ಬದಲಾದರೆ ಗೆರೆ ಕದಡಿಹೋಗುತ್ತದೆ. ಸ್ಕ್ರೂ ತಿರುಗಿಸಿ ಕೆಳಗಿಳಿಸಿದರೂ ಚದುರಿದ ಬೆಳಕು ಕೆಳಗಿಳಿಯುವುದಿಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳನ್ನು ಒಪ್ಪಿದ್ದಾರೆ, ಆದರೆ ಯಾವ ಮಾಡೆಲ್ಲಿನ ಯಾವ ದೀಪಕ್ಕೆ ಅಂತ ಪಟ್ಟಿ ಮಾಡಿ, ಪರೀಕ್ಷಿಸಿದ ಮೇಲೆ. ಇಲ್ಲಿ ಕರ್ನಾಟಕ ಪೊಲೀಸರು 2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿಗಳಿಗೆ ಕೇಸು ಹಾಕಲು ಶುರು ಮಾಡಿದರು. ಎಲ್‌ಇಡಿಯೇ ಬೇಕೆಂದರೆ ಅದಕ್ಕಾಗಿಯೇ ಮಾಡಿದ ಪೂರ್ತಿ ದೀಪ ಬೇಕು, ಬರೀ ಬಲ್ಬ್ ಬದಲಿಸಿದರೆ ಆಗದು.

ಲಗ್ನಪತ್ರಿಕೆ, ಭೂತಗನ್ನಡಿ, ಟಾರ್ಚು

ಪ್ರೊಜೆಕ್ಟರ್ ದೀಪದಲ್ಲಿ (ಮುಂದೆ ದಪ್ಪ ಲೆನ್ಸ್ ಇರುವಂಥದ್ದು) ಗೆರೆ ಎಳೆಯುವುದು ಇನ್ನೂ ಸುಲಭ, ಮನೆಯಲ್ಲೇ ಮಾಡಿ ನೋಡಬಹುದು. ಒಂದು ಭೂತಗನ್ನಡಿ ತಗೊಳ್ಳಿ. ಕಿಟಕಿಯ ಬಿಂಬ ಎದುರಿನ ಗೋಡೆ ಮೇಲೆ ಸ್ಪಷ್ಟವಾಗಿ ಮೂಡುವಾಗ ಗಾಜಿಗೂ ಗೋಡೆಗೂ ಎಷ್ಟು ದೂರ ಅಂತ ಅಳೆಯಿರಿ, ಹತ್ತು ಸೆಂಟಿಮೀಟರ್ ಆಸುಪಾಸು ಇರಬಹುದು. ಈಗ ಕೋಣೆ ಕತ್ತಲು ಮಾಡಿ. ಹಳೇ ಲಗ್ನಪತ್ರಿಕೆಯ ಗಟ್ಟಿ ಕಾಗದವನ್ನು ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ, ಒಂಚೂರು ಜಾಸ್ತಿ, ನಿಲ್ಲಿಸಿ. ಅದರ ಹಿಂದೆ ಟಾರ್ಚು, ಟಾರ್ಚಿನ ಬಾಯಿಗೆ ಬಟರ್ ಪೇಪರ್. ಎರಡು ಮೂರು ಮೀಟರ್ ಮುಂದೆ ಗೋಡೆ. ಕಾಗದ ಕನ್ನಡಿಯ ಕೆಳಗಿನ ಅರ್ಧ ಮುಚ್ಚಿರಲಿ. ಗೋಡೆ ಮೇಲೆ ಬಿಂಬ ತಲೆಕೆಳಗಾಗಿ ಮೂಡುವುದರಿಂದ ಕತ್ತಲು ಮೇಲೆ ಹೋಗುತ್ತದೆ, ಬೆಳಕು ಕೆಳಗೆ ಬರುತ್ತದೆ. ನಿಮ್ಮ ಗೆರೆ ಬಂತು!

ಇನ್ನು ಎಡಗಡೆಯ ಏರು. ಬಿಂಬ ಎಡಬಲವೂ ಅದಲುಬದಲಾಗುತ್ತದೆ, ಇಲ್ಲೇ ಎಲ್ಲರೂ ಎಡವುವುದು, ನಾನೂ ಮೊದಲ ಸಲ ತಪ್ಪಾಗಿ ಕತ್ತರಿಸಿ ಎದುರಿನವರ ಕಣ್ಣಿಗೆ ಹೊಡೆಯುವ ದೀಪವನ್ನೇ ಮಾಡಿದೆ. ಟಾರ್ಚಿನ ಹಿಂದೆ ನಿಂತು ನೋಡುವಾಗ ಕಾಗದದ ಮೇಲಂಚಿನ ಎಡ ಅರ್ಧ ಮಟ್ಟಸವಾಗಿರಲಿ, ಬಲ ಅರ್ಧವನ್ನು 15 ಡಿಗ್ರಿ ಕೆಳಕ್ಕೆ ಓರೆ ಕತ್ತರಿಸಿ. ಕಾರಿನ ಪ್ರೊಜೆಕ್ಟರಿನಲ್ಲಿ ಕಾಗದದ ಬದಲು ತಗಡು ಇರುತ್ತದೆ, ಹೈ ಬೀಮ್ ಹಾಕಿದಾಗ ಅದು ಕೆಳಕ್ಕೆ ಮಗುಚಿಕೊಳ್ಳುತ್ತದೆ.

ಕಾಗದವನ್ನು ಹಿಂದೆ ಮುಂದೆ ಸರಿಸಿ ನೋಡಿ. ಗೆರೆಯಂಚಿನಲ್ಲಿ ನೀಲಿ ಬಣ್ಣ ಇಣುಕುತ್ತದೆ. ತುಂಬಾ ಚೂಪಾದ ಗೆರೆಯೂ ಒಳ್ಳೆಯದಲ್ಲ, ಗುಂಡಿ ಬಿದ್ದ ರಸ್ತೆಯಲ್ಲಿ ಅದು ಎದುರಿನವರ ಕಣ್ಣ ಮುಂದೆ ಮೇಲೆ ಕೆಳಗೆ ಕುಣಿದು, ಇವನ್ಯಾರೋ ಸುಮ್‌ಸುಮ್ನೆ ಹೈ ಬೀಮ್ ಹೊಡೆಯುತ್ತಿದ್ದಾನೆ ಅನ್ನಿಸುತ್ತದೆ. ಅದಕ್ಕೇ ಲೆನ್ಸಿಗೆ ಸಣ್ಣ ತರಿ ಕೊಟ್ಟು ಅಂಚನ್ನು ಮೃದು ಮಾಡುತ್ತಾರೆ. ಗೆರೆಯ ಮೇಲೂ ಒಂಚೂರು ಬೆಳಕು ಬೇಕೇ ಬೇಕು, ಇಲ್ಲದಿದ್ದರೆ ಹೆದ್ದಾರಿಯ ಹಸಿರು ಬೋರ್ಡ್ ಓದಲಾಗುವುದಿಲ್ಲ. ಅತಿ ಹೆಚ್ಚು ಬೆಳಕನ್ನು ಗೆರೆಯ ಕೆಳಗೇ ತುಂಬಿ, ದೂರ ಕಾಣುವುದು ಅದರಿಂದ. ಬಂಪರ್ ಮುಂದಿನ ಹತ್ತು ಮೀಟರ್ ಥಳಥಳ ಹೊಳೆದರೆ ಚಂದ ಕಾಣುತ್ತದೆ ನಿಜ, ಆದರೆ ಕಣ್ಣು ಆ ಬೆಳಕಿಗೆ ಹೊಂದಿಕೊಂಡು ದೂರದ್ದೆಲ್ಲ ಕತ್ತಲಾಗುತ್ತದೆ. ನನ್ನ 'ಚೆಲ್ಲಿದ ಹಾಲು' ಇದೇ.

ದುಡ್ಡಿರುವವರಿಗೆ ಮ್ಯಾಟ್ರಿಕ್ಸ್ ದೀಪಗಳಿವೆ. 2013ರಲ್ಲಿ ಆಡಿ ಎ8ಗೆ ಬಂದದ್ದರಲ್ಲಿ ಒಂದೊಂದು ದೀಪಕ್ಕೂ 25 ಹೈ ಬೀಮ್ ಎಲ್‌ಇಡಿ ಇದ್ದವು. ಕ್ಯಾಮೆರಾ ಎದುರಿನ ಗಾಡಿ ಗುರುತಿಸಿ ಆ ಕಡೆಯ ಎಲ್‌ಇಡಿ ಮಾತ್ರ ಆರಿಸುತ್ತದೆ, ಉಳಿದ ರಸ್ತೆಗೆ ಹೈ ಬೀಮ್ ಇದ್ದೇ ಇರುತ್ತದೆ. ದೀಪ ಸರಿಯಿಲ್ಲದ ಸೈಕಲ್, ಎತ್ತಿನಗಾಡಿ, ನಡೆದು ಬರುವವರು ಇರುವ ನಮ್ಮ ರಸ್ತೆಗೆ ಕ್ಯಾಮೆರಾ ಒಂದನ್ನೇ ನಂಬಿ ಕೂರಲು ನನಗೆ ಧೈರ್ಯವಿಲ್ಲ.

ಗೋಡೆ ಮುಂದೆ ನಿಲ್ಲಿಸಿ ಸರಿಮಾಡುವುದು

ನೆಲ ಮಟ್ಟಸವಾಗಿರಬೇಕು, ಎಲ್ಲಕ್ಕಿಂತ ಮುಖ್ಯ ಇದು. ಪೋರ್ಟಿಕೋ ಗೇಟಿನ ಕಡೆಗೆ ಇಳಿಜಾರಿರುತ್ತದೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ನೀರು ಹರಿಯುವ ಕಡೆಗೆ. 5 ಮೀಟರಿನಲ್ಲಿ 5 ಸೆಂ.ಮೀ ಇಳಿಜಾರಿದ್ದರೂ ನಿಮ್ಮ ಲೆಕ್ಕ ಪೂರ್ತಿ ಹಾಳು. ಗಾರೆ ಕೆಲಸದವರು ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದು ಮಟ್ಟ ನೋಡುತ್ತಾರಲ್ಲ, ಅದನ್ನೇ ಮಾಡಿ.

ಟೈರಿನ ಗಾಳಿ ಸರಿಯಿರಲಿ, ಡಿಕ್ಕಿ ಖಾಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಸ್ಟಿಯರಿಂಗ್ ಹತ್ತಿರದ ಸಣ್ಣ ಗಾಲಿ 0ಯಲ್ಲಿ. ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು ಎರಡೂ ದೀಪದ ನಡುಮಧ್ಯಕ್ಕೆ ನೇರವಾಗಿ ಇನ್ಸುಲೇಷನ್ ಟೇಪಿನಿಂದ ಗುರುತು ಹಾಕಿ. ಗಾಜಿನ ಮೇಲೆ ಬಹಳ ಸಲ ಮಧ್ಯದಲ್ಲಿ ಸಣ್ಣ ಚುಕ್ಕೆ ಇರುತ್ತದೆ. ನಂತರ ನೇರ ಹಿಂದಕ್ಕೆ, ದೀಪದಿಂದ ಗೋಡೆಗೆ ಸರಿಯಾಗಿ 5 ಮೀಟರ್. ದೀಪದ ಮೇಲೋ ಬಾನೆಟ್ಟಿನ ಅಡಿಯಲ್ಲೋ 1.0% ಅಥವಾ 1.3% ಅಂತ ಬರೆದ ಗುರುತು ಸಿಗುತ್ತದೆ. 1.3% ಇದ್ದರೆ ಗುರುತಿನಿಂದ 6.5 ಸೆಂ.ಮೀ ಕೆಳಗೆ ಉದ್ದ ಟೇಪ್ ಎಳೆಯಿರಿ. ಲೋ ಬೀಮ್ ಹಾಕಿ. ಒಂದು ದೀಪದ ಮುಂದೆ ರಟ್ಟು ಅಡ್ಡ ನಿಲ್ಲಿಸಿ, ಬಟ್ಟೆ ಮುಚ್ಚಬೇಡಿ, ಬಿಸಿಗೆ ಪ್ಲಾಸ್ಟಿಕ್ ಗಾಜು ಹಾಳಾದೀತು. ಹಿಂಬದಿಯ ಸ್ಕ್ರೂ ಅನ್ನು ಉದ್ದ ಸ್ಟಾರ್ ಸ್ಕ್ರೂಡ್ರೈವರಿನಿಂದ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಗೆರೆಯ ಬಲಭಾಗವನ್ನು ಟೇಪಿನ ಮೇಲೆ ಕೂರಿಸಿ. ಗೆರೆ ಮುರಿದು ಮೇಲೇರುವ ಜಾಗ ದೀಪದ ಮಧ್ಯಕ್ಕೆ ನೇರವಾಗಿರಲಿ, ಅದಕ್ಕೆ ಬೇರೆ ಸ್ಕ್ರೂ ಇರುತ್ತದೆ. ಬಾನೆಟ್ ಎರಡು ಸಲ ಒತ್ತಿ ಬಿಟ್ಟು ಮತ್ತೊಮ್ಮೆ ನೋಡಿ. ಎತ್ತರದ ಎಸ್‌ಯುವಿಗೆ, ದೀಪ ಒಂದು ಮೀಟರಿಗಿಂತ ಮೇಲಿದ್ದರೆ, ಇಳಿತ 1.5ರಿಂದ 2% ಇಡಿ.

ಕೊನೆಗೆ ಕಾನೂನಿನದೇ ಒಂದು ಪರೀಕ್ಷೆಯಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಹೊಡೆಯಬಾರದು. ನನ್ನ ಹೆಂಡತಿಯ ಕಣ್ಣು ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕಿದೆ. ಎಲ್‌ಇಡಿ ಇದ್ದಾಗ ಅವಳು ಕೈ ಅಡ್ಡ ಹಿಡಿದಳು. ಹಳೇ ಹ್ಯಾಲೊಜೆನ್ ವಾಪಸ್ ಹಾಕಿ, ಹಳದಿಯಾಗಿ ಮಾಸಿದ್ದ ಗಾಜನ್ನು ಪಾಲಿಶ್ ಮಾಡಿಸಿದ ಮೇಲೆ (ಮಾಸಿದ ಗಾಜೂ ಬೆಳಕನ್ನು ಮೇಲಕ್ಕೆ ಚದುರಿಸುತ್ತದೆ) ಅದೇ ಜಾಗದಲ್ಲಿ ನಿಂತು, "ಲೈಟ್ ಹಾಕಿದ್ದೀರೋ ಇಲ್ವೋ?" ಅಂದಳು. ಟೇಪ್ ಇನ್ನೂ ಗೋಡೆ ಮೇಲೇ ಇದೆ, ಬಲ್ಬ್ ಅಥವಾ ಸಸ್ಪೆನ್ಷನ್ ಮುಟ್ಟಿದಾಗಲೆಲ್ಲ ಗಾಡಿ ತಂದು ಅದರ ಮುಂದೆ ನಿಲ್ಲಿಸುತ್ತೇನೆ.