ಮೂರು ನಿಮಿಷದ ಕಾಯಿಲೆ ಮಾತು, ನಾಲ್ಕು ಹುಣಸೆಬೀಜ: ವಯಸ್ಸಾದ ಮೇಲೆ ನಾನು ಸಮಾಧಾನವಾಗಿರುವುದು ಹೀಗೆ

"ಪಾಸಿಟಿವ್ ಆಗಿರಿ" ಅಂತ ನಮ್ಮ ವಯಸ್ಸಿನವರಿಗೆ ಎಲ್ಲರೂ ಹೇಳುತ್ತಾರೆ. ಡಾಕ್ಟರು ಹೇಳುತ್ತಾರೆ, ಮಕ್ಕಳು ಹೇಳುತ್ತಾರೆ, ಬೆಳಗಾಗೆದ್ದರೆ ವಾಟ್ಸಾಪ್‌ನಲ್ಲಿ ಗುಲಾಬಿ ಹೂವಿನ ಜೊತೆ ಅದೇ ಬಂದು ಕೂತಿರುತ್ತದೆ. ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನಗೀಗ ಅರವತ್ತೊಂಬತ್ತು. ಯಜಮಾನರು ಹೋಗಿ ಕೆಲವು ವರ್ಷ ಆಯಿತು. ಮಗಳು ಬೆಂಗಳೂರಲ್ಲಿ, ಮಗ ಅಮೆರಿಕದ ಡಲ್ಲಾಸ್‌ನಲ್ಲಿ, ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬಳೇ. ಮನಸ್ಸಿಗೆ ನೇರವಾಗಿ "ಸುಮ್ನಿರು" ಅಂದರೆ ಅದು ಕೇಳುವುದಿಲ್ಲ ಅನ್ನುವುದು ನನಗೆ ಗೊತ್ತಾಗಿದೆ. ಮೊದಲು ಮೈ ನೋಡಿಕೊಳ್ಳಬೇಕು. ಆಮೇಲೆ ದಿನದಲ್ಲಿ ಕೆಟ್ಟ ಹೊತ್ತು ಯಾವುದು ಅಂತ ಕಂಡುಕೊಂಡು ಅಲ್ಲಿಗೆ ಏನಾದರೂ ಕೆಲಸ ಇಟ್ಟುಕೊಳ್ಳಬೇಕು.

ಮೈ ಅಂದರೆ ನನ್ನ ವಿಷಯದಲ್ಲಿ ಕಿವಿ. ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. ಇಲಾಖೆ ಇನ್ನೂ ಕೇಂದ್ರ ಸರ್ಕಾರದ್ದಾಗಿದ್ದಾಗ ಸೇರಿದ್ದು, 2000ದ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್ ಆಯಿತು, ನಿವೃತ್ತಿ ಅಲ್ಲಿಂದಲೇ. ಒಂದೂರಿಂದ ಇನ್ನೊಂದೂರಿಗೆ ಕರೆ ಜೋಡಿಸುವ ಟ್ರಂಕ್ ಬೋರ್ಡ್ ಮುಂದೆ ಕೂತು, ಹೆಡ್‌ಸೆಟ್ ಹಾಕಿಕೊಂಡು, ಗೊರಗೊರ ಸದ್ದಿನ ನಡುವೆ ಬರೀ ದನಿ ಹಿಡಿದು ಯಾರು ಯಾವ ಊರು ಅಂತ ಹೇಳುತ್ತಿದ್ದೆ. ಅಂಥವಳಿಗೆ ನಿವೃತ್ತಿಯಾದ ಮೇಲೆ ಸಿಟ್ಟು ಜಾಸ್ತಿಯಾಯಿತು. ಮಗಳ ಮನೆಗೆ ಹೋದರೆ ಅವಳೂ ಅಳಿಯನೂ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರೆ ನನ್ನ ಬಗ್ಗೆಯೇ ಏನೋ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಮದುವೆಮನೆಗೆ ಹೋಗಲು ಬೇಜಾರು. ಎಲ್ಲರೂ ನಕ್ಕರೆ ನಾನೂ ಸುಮ್ನೆ ನಗುವುದು, ಯಾಕೆ ಅಂತ ಗೊತ್ತಿಲ್ಲದೆ. ಇದನ್ನು ನಮ್ಮ ಮನೆಯಲ್ಲಿ "ವಯಸ್ಸಾಯ್ತಲ್ಲ, ಸ್ವಲ್ಪ ಸಿಡುಕು" ಅಂತ ಲೆಕ್ಕಕ್ಕೆ ಬರೆದುಬಿಟ್ಟಿದ್ದರು.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮ ಮನೆಗೆ ಹತ್ತಿರ. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ಪಕ್ಕದಲ್ಲೇ ಇರುವ ನಾವು ಹೋಗುವುದಿಲ್ಲ. ಸದ್ದು ಬರದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು (ಮತ್ತೆ ಹೆಡ್‌ಸೆಟ್ಟೇ ಬಂತಲ್ಲ ಅಂತ ನನಗೆ ನಗು), ಸದ್ದು ಕೇಳಿದಾಗ ಬೆರಳೆತ್ತಬೇಕು. ಆಮೇಲೆ ಗ್ರಾಫ್ ತೋರಿಸಿ ವಿವರಿಸಿದರು. ವಯಸ್ಸಾದಂತೆ ಮೊದಲು ಹೋಗುವುದು ಕೀಚು ದನಿಗಳು. ಅ, ಆ, ಓ ಕೇಳಿಸುತ್ತದೆ, ಸ, ಶ, ತ, ಕ ಇವೆಲ್ಲ ಮಸುಕಾಗುತ್ತವೆ. ಅದಕ್ಕೇ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಪಿಸುಮಾತಿನ ಅನುಮಾನ ಹುಟ್ಟುವುದೇ ಅಲ್ಲಿಂದ. ಕೇಳಿಸದ ಕಿವಿಯನ್ನು ಹಾಗೇ ಬಿಟ್ಟರೆ ಮರೆವಿನ ಕಾಯಿಲೆಯ ಅಪಾಯವೂ ಹೆಚ್ಚು ಅಂತ ತಜ್ಞರು ಈಗ ಹೇಳುತ್ತಾರೆ.

ಕಿವಿಗೆ ಕೇಳಿಸುವ ಮಿಷನ್ ಹಾಕಿಕೊಂಡ ಮೊದಲ ವಾರಗಳು ಚೆನ್ನಾಗಿರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಕವರ್ ಮುದುರಿದರೆ ಪಟಾಕಿ ಹೊಡೆದ ಹಾಗೆ ಕೇಳುತ್ತದೆ. ಕುಕ್ಕರ್ ಸೀಟಿ ಕೇಳಿದರೆ ಓಡಿಹೋಗಬೇಕು ಅನ್ನಿಸುತ್ತದೆ. ಬಹಳ ಜನ ಇಲ್ಲೇ ಸಾಕಪ್ಪ ಅಂತ ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಡುತ್ತಾರೆ. ನಾನು ಮೊದಲು ಮನೆಯೊಳಗೆ, ಫ್ಯಾನ್ ಆರಿಸಿ, ಒಬ್ಬರ ಜೊತೆ ಮಾತಾಡುವಾಗ ಮಾತ್ರ ಹಾಕಿಕೊಂಡೆ. ಆಮೇಲೆ ಅಡುಗೆಮನೆ, ಆಮೇಲೆ ರಸ್ತೆ, ಕೊನೆಗೆ ಮದುವೆ ಛತ್ರ. ಬ್ಯಾಟರಿ ಹಾಕುವಾಗ ಹಿಂದಿನ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಹಾಗೇ ಬಿಟ್ಟು, ಗಾಳಿ ತಾಗಿದ ಮೇಲೆ ಹಾಕಬೇಕು, ಆಗ ಬಾಳಿಕೆ ಬರುತ್ತದೆ. ಈಗ ಮಗಳ ಅಡುಗೆಮನೆಯ ಮಾತು ಪೂರ್ತಿ ಕೇಳುತ್ತದೆ. ಗ್ಯಾಸ್ ಬುಕ್ ಮಾಡಿದೆಯಾ, ಇಎಂಐ ಕಟ್ಟಿದೆಯಾ, ಅಷ್ಟೇ.

ಕಿವಿಯ ಜೊತೆಗೆ ರಕ್ತವನ್ನೂ ತೋರಿಸಿದೆ, ಬಿ12 ಕಮ್ಮಿ ಇತ್ತು. ನಮ್ಮಂಥ ಸಸ್ಯಾಹಾರಿಗಳಲ್ಲಿ ಇದು ಮಾಮೂಲಿ. ಸುಸ್ತು, ಕಾಲು ಜುಂ ಅನ್ನುವುದು, ಏನೂ ಬೇಡ ಅನ್ನಿಸುವುದು, ಇದಕ್ಕೆಲ್ಲ ಅದೂ ಒಂದು ಕಾರಣ ಇರಬಹುದು. ಥೈರಾಯ್ಡ್ ಕೂಡ ಹಾಗೇ. ಜೀವನದಲ್ಲಿ ಜುಗುಪ್ಸೆ ಬಂತು ಅಂತ ವೇದಾಂತ ಓದುವ ಮೊದಲು ಒಂದು ಸಲ ಲ್ಯಾಬಿಗೆ ಹೋಗಿ ಬನ್ನಿ.

ಇನ್ನು ಕೆಟ್ಟ ಹೊತ್ತು. ನನಗೆ ಅದು ಸಂಜೆ ಐದೂವರೆಯಿಂದ ಏಳು. ಬೆಳಗ್ಗೆ ಹೇಗೋ ಆಗುತ್ತದೆ, ಹಾಲಿನವನು, ಹೂವಿನವಳು, ತರಕಾರಿ ಗಾಡಿ, ಪೇಪರು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದಿಷ್ಟು ನಡೆದು, ಹೆಜ್ಜಾರ್ಲೆ ಬಂದಿದ್ದರೆ ಬೆಂಚಿನ ಮೇಲೆ ಕೂತು ನೋಡಿ ಬಂದರೆ ಅರ್ಧ ದಿನ ಕಳೆಯಿತು. ಸಂಜೆ ಮಾತ್ರ ಎದೆ ಮೇಲೆ ಏನೋ ಕೂತ ಹಾಗೆ. ಯಜಮಾನರು ಆಫೀಸಿನಿಂದ ಬರುತ್ತಿದ್ದ ಹೊತ್ತು ಅದು. ಆ ಹೊತ್ತಿಗೆ ಟಿವಿ ಹಾಕಿದರೆ ನ್ಯೂಸ್ ಚಾನೆಲ್‌ನವರು ಇನ್ನಷ್ಟು ಕೂಗಾಡಿ ರಕ್ತದೊತ್ತಡ ಏರಿಸುತ್ತಾರೆ. ಧ್ಯಾನ ಮಾಡಿ ಅಂದರು, ಕಣ್ಣು ಮುಚ್ಚಿದರೆ ಯೋಚನೆ ಇನ್ನೂ ಜೋರು. ಭಜನಾ ಮಂಡಳಿಗೆ ಹೋದೆ, ಹಾಡು ಚೆನ್ನಾಗಿತ್ತು, ಆದರೆ ಮುಂದಿನ ಸಾಲಿನಲ್ಲಿ ಯಾರು ಕೂರಬೇಕು ಅನ್ನುವ ರಾಜಕೀಯ ವಿಧಾನಸೌಧವನ್ನೂ ಮೀರಿಸುವಂಥದ್ದು.

ಕೊನೆಗೆ ಕೆಲಸಕ್ಕೆ ಬಂದದ್ದು ಚೌಕಾಬಾರ. ಎದುರುಮನೆಯಲ್ಲಿ ನಿವೃತ್ತ ಮೇಷ್ಟ್ರಿದ್ದಾರೆ, ಅವರಿಗೂ ಸಂಜೆ ಇದೇ ಪಾಡು. ಕವಡೆ ಸಿಗಲಿಲ್ಲ. ನಾಲ್ಕು ದೊಡ್ಡ ಹುಣಸೆಬೀಜ ಆರಿಸಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಮಗ್ಗುಲು ಬಿಳಿ ಕಾಣುವ ತನಕ ತಿಕ್ಕಿದೆ. ಉಜ್ಜಿದಾಗ ಬೀಜ ಬಿಸಿಯಾಗಿ ಬೆರಳು ಚುರ್ ಅನ್ನುತ್ತದೆ, ಆ ಕಂದು ಸಿಪ್ಪೆ ಹೋಗಿ ಬಿಳಿ ಕಂಡಾಗ ಒಂಥರಾ ಖುಷಿ. ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಐದೈದು ಇಪ್ಪತ್ತೈದು ಮನೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕರಿ ಬಿದ್ದರೆ ಬಾರ, ಎಂಟು, ಎರಡಕ್ಕೂ ಇನ್ನೊಂದು ಗರ ಹಾಕಬಹುದು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಮೇಷ್ಟ್ರು ಜೀವನವಿಡೀ ಮಕ್ಕಳಿಗೆ ಸತ್ಯ ಹೇಳಿಕೊಟ್ಟವರು, ಇಲ್ಲಿ ಮಾತ್ರ ಮೂರು ಬಿದ್ದರೆ ನಾಲ್ಕು ಮನೆ ನಡೆಸುತ್ತಾರೆ.

"ಮೇಷ್ಟ್ರೇ, ಮೂರೇ ಬಿದ್ದಿದ್ದು."

"ಕನ್ನಡಕ ಒರೆಸಿಕೊಳ್ಳಿ ಅಮ್ಮಾ, ನಾಲ್ಕು."

ಇಷ್ಟಕ್ಕೇ ಹತ್ತು ನಿಮಿಷ ಜಗಳ. ದೀಪ ಹಚ್ಚುವ ಹೊತ್ತು ದಾಟಿಹೋಗಿರುತ್ತದೆ, ಗೊತ್ತೇ ಆಗುವುದಿಲ್ಲ. ಕೈಯಲ್ಲಿ ಬೀಜ, ತಲೆಯಲ್ಲಿ ಲೆಕ್ಕ, ಎದುರಿಗೆ ಒಬ್ಬ ಮನುಷ್ಯ, ಈ ಮೂರೂ ಒಟ್ಟಿಗಿದ್ದರೆ ಚಿಂತೆಗೆ ಕೂರಲು ಜಾಗ ಸಿಗುವುದಿಲ್ಲ ಅಂತ ನನ್ನ ಅಂದಾಜು. ನಿಮಗೆ ಚೌಕಾಬಾರವೇ ಆಗಬೇಕು ಅಂತಿಲ್ಲ, ಇಸ್ಪೀಟಾದರೂ ಸರಿ. ಒಬ್ಬರೇ ಮೊಬೈಲಿನಲ್ಲಿ ಆಡುವುದು ಮಾತ್ರ ಲೆಕ್ಕಕ್ಕಿಲ್ಲ.

ಫೋನಿನ ವಿಷಯಕ್ಕೆ ಬರುತ್ತೇನೆ, ಅದು ನನ್ನ ಕಸುಬು. ಹಳೆಯ ಸಹೋದ್ಯೋಗಿಗಳಲ್ಲಿ ದಿನಕ್ಕೊಬ್ಬರಿಗೆ ಫೋನ್ ಮಾಡುತ್ತೇನೆ. ಮೆಸೇಜ್ ಅಲ್ಲ, ಕರೆ. ದನಿ ಕೇಳಬೇಕು. ಆದರೆ ನಮ್ಮ ವಯಸ್ಸಿನವರ ಮಾತು ಮಂಡಿ, ಶುಗರ್, ಸೊಂಟ ಅಂತ ಶುರುವಾಗಿ ಅಲ್ಲೇ ಮುಗಿಯುತ್ತದೆ, ಫೋನ್ ಇಟ್ಟ ಮೇಲೆ ನಮಗೂ ಎಲ್ಲ ಕಡೆ ನೋವು ಶುರು. ಅದಕ್ಕೊಂದು ಕಟ್ಟುಪಾಡು ಮಾಡಿಕೊಂಡೆವು. ಟ್ರಂಕ್ ಕಾಲ್ ಕಾಲದಲ್ಲಿ ಮೂರು ನಿಮಿಷ ಮುಗಿದ ಕೂಡಲೇ ನಾವು ಲೈನಿನ ನಡುವೆ ಬಂದು "ಥ್ರೀ ಮಿನಿಟ್ಸ್ ಓವರ್, ಎಕ್ಸ್‌ಟೆಂಡ್ ಮಾಡ್ತೀರಾ?" ಅಂತ ಕೇಳುತ್ತಿದ್ದೆವಲ್ಲ, ಹಾಗೇ ಈಗಲೂ. ಕಾಯಿಲೆ ಮಾತಿಗೆ ಮೂರು ನಿಮಿಷ. ಆಮೇಲೆ ಯಾರಾದರೂ "ಥ್ರೀ ಮಿನಿಟ್ಸ್" ಅಂದರೆ ಮಾತು ಬದಲಾಯಿಸಲೇಬೇಕು. ನಿಜವಾಗಿಯೂ ಗಂಭೀರ ವಿಷಯ ಇದ್ದರೆ "ಇದು ಲೈಟ್ನಿಂಗ್ ಕಾಲ್ ಕಣೇ" ಅಂದರೆ ಸಾಕು, ಆಗ ಎಷ್ಟು ಹೊತ್ತಾದರೂ ಕೇಳುತ್ತೇವೆ. ಆಗಿನ ಕಾಲದಲ್ಲಿ ತೀರಾ ತುರ್ತಿಗೆ ಮಾಡುವ ಲೈಟ್ನಿಂಗ್ ಕಾಲ್‌ಗೆ ಮಾಮೂಲಿಗಿಂತ ಎಂಟು ಪಟ್ಟು ದುಡ್ಡು, ಯಾರೂ ಸುಮ್ಸುಮ್ನೆ ಮಾಡುತ್ತಿರಲಿಲ್ಲ. ನಾವೂ ಹಾಗೇ, ಸುಮ್ಸುಮ್ನೆ ಅದನ್ನು ಬಳಸುವುದಿಲ್ಲ.

ಮಗನ ಕರೆಗೆ ಕಾಯುವುದು ಬಿಟ್ಟಿದ್ದೂ ದೊಡ್ಡ ನೆಮ್ಮದಿ. ಅವನ ಶನಿವಾರ ರಾತ್ರಿ ಒಂಬತ್ತು ನನಗೆ ಭಾನುವಾರ ಬೆಳಗ್ಗೆ ಏಳೂವರೆ. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ಹಾಕುತ್ತಾರೆ, ಆಗ ಎಂಟೂವರೆ. ಈಗ ಆ ಹೊತ್ತಿಗೆ ನಾನು ಹುರುಳಿಕಾಯಿ ಬಿಡಿಸುತ್ತಲೋ ಗಿಡಕ್ಕೆ ನೀರು ಹಾಕುತ್ತಲೋ ಇರುತ್ತೇನೆ. ಬಂದರೆ ಮಾತು, ಬರದಿದ್ದರೆ ಹುಳಿ.

ಗೊತ್ತಿಲ್ಲದ ನಂಬರಿನ ಬಗ್ಗೆ ಒಂದು ಮಾತು. ಪೊಲೀಸ್ ಅಂತ ಹೇಳಿಕೊಂಡು, ವಿಡಿಯೋ ಕಾಲ್‌ನಲ್ಲಿ ಹೆದರಿಸಿ, ವಯಸ್ಸಾದವರ ದುಡ್ಡು ಎಳೆಯುವವರು ಬಹಳ ಇದ್ದಾರೆ. ಫೋನಿನಲ್ಲೇ ಅರೆಸ್ಟ್ ಮಾಡುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಾನು ಈ ನಂಬರನ್ನು ಫ್ರಿಜ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಅದನ್ನು ಅಂಟಿಸಿದ ದಿನದಿಂದ ಫೋನ್ ಬಡಿದರೆ ಎದೆ ಬಡಿಯುವುದಿಲ್ಲ.

ವಾರದ ಮಧ್ಯೆ ಒಂದು ದಿನ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಕೊಡುತ್ತಾರೆ. ಅದಕ್ಕೆ ಯಾರು ಏನೇ ಹೇಳಲಿ, ನನ್ನಂಥವರಿಗೆ ಅದರಿಂದ ಆದ ದೊಡ್ಡ ಉಪಕಾರ ದುಡ್ಡಿನದ್ದಲ್ಲ, ಯಾರನ್ನೂ ಕೇಳದೆ ಹೊರಡಬಹುದು ಅನ್ನುವುದು. ನಂಜನಗೂಡು, ಶ್ರೀರಂಗಪಟ್ಟಣ, ಮೇಲುಕೋಟೆ. ಶನಿವಾರ ಭಾನುವಾರ ಬೇಡ, ಕಾಲಿಡಲೂ ಜಾಗ ಇರುವುದಿಲ್ಲ. ನಂಜನಗೂಡಿಗೆ ಸೋಮವಾರವೂ ಬೇಡ, ಹುಣ್ಣಿಮೆಯಂತೂ ಬೇಡವೇ ಬೇಡ. ಬುಧವಾರ ಹೋದರೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ, ದೇವರೂ ಬಿಡುವಾಗಿರುತ್ತಾನೆ. ನಿಜವಾದ ನಂಜನಗೂಡು ರಸಬಾಳೆ ಸಿಕ್ಕರೆ ಅದೃಷ್ಟ. ನಾನು ಹೋಗುವುದು ಅರ್ಧ ಅದಕ್ಕೇ.

ರಾತ್ರಿ ಮೂರಕ್ಕೆ ಎಚ್ಚರವಾಗುವುದು ಇನ್ನೂ ಹೋಗಿಲ್ಲ. ಸಂಜೆ ಕಾಫಿ ಬಿಟ್ಟೆ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಇಳಿಸಿದೆ, ಸ್ವಲ್ಪ ಕಮ್ಮಿಯಾಯಿತು. ಎಚ್ಚರವಾದರೆ ಗಡಿಯಾರ ನೋಡುವುದಿಲ್ಲ. ಉಸಿರು ನಿಧಾನಕ್ಕೆ ಬಿಡುತ್ತೇನೆ, ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು. ಜೊತೆಗೆ ಎಸ್‌ಟಿಡಿ ಕೋಡ್ ಹೇಳಿಕೊಳ್ಳುತ್ತೇನೆ. ಮೈಸೂರು 0821, ಮಂಗಳೂರು 0824, ಬೆಳಗಾವಿ 0831, ಹುಬ್ಬಳ್ಳಿ 0836, ಹಾಸನ 08172, ಶಿವಮೊಗ್ಗ 08182, ದಾವಣಗೆರೆ 08192. ಸಹಸ್ರನಾಮ ಹೇಳಬೇಕಾದವಳು ಕೋಡ್ ಹೇಳುತ್ತೀಯಲ್ಲ ಅಂತ ನನ್ನ ಅಕ್ಕ ಬೈದಳು. ಅವಳಿಗೆ ಸಹಸ್ರನಾಮ ಬಾಯಿಗೆ ಬರುತ್ತದೆ, ನನಗೆ ಬರುವುದು ಇದು. ಚಿಕ್ಕಮಗಳೂರು ಬರುವಷ್ಟರಲ್ಲಿ ಸಾಮಾನ್ಯವಾಗಿ ನಿದ್ದೆ.

ಇದೆಲ್ಲ ದಿನದಿನದ ಬೇಜಾರಿಗೆ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ರುಚಿಸುವುದಿಲ್ಲ, ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಬೇಡ, ಯಾಕೆ ಬದುಕಿರಬೇಕು ಅನ್ನಿಸುತ್ತಿದೆ ಅಂದರೆ ಚೌಕಾಬಾರ ಸಾಲದು, ಡಾಕ್ಟರ ಹತ್ತಿರ ಹೋಗಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಬೀದಿಯ ಒಬ್ಬರು "ಹುಚ್ಚು ಅಂದ್ಕೋತಾರೆ" ಅಂತ ಹಿಂಜರಿದಾಗ ನಾನೇ ನಂಬರ್ ಒತ್ತಿ ಫೋನ್ ಅವರ ಕೈಗೆ ಕೊಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಆಪರೇಟರ್ ಕೆಲಸ ಅಷ್ಟೇ ಅಲ್ವಾ, ಲೈನ್ ಕೊಟ್ಟು ಪಕ್ಕಕ್ಕೆ ಸರಿಯುವುದು. ಆಮೇಲೆ ಅವರು ಆಸ್ಪತ್ರೆಗೂ ಹೋದರು, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಮೊನ್ನೆ ಚೌಕಾಬಾರಕ್ಕೂ ಬಂದರು. ಮೇಷ್ಟ್ರ ಮೋಸವನ್ನು ಅವರೂ ಹಿಡಿದರು.