ಮಲಾವಿಯ ಹಳ್ಳಿಗೆ ಹೊರಟ ಸಿಸ್ಟರ್‌ಗಳಿಗೆ

ಆಫ್ರಿಕಾದ ಮಲಾವಿಗೆ ಹೊರಟ ಕಿರಿಯ ಸಿಸ್ಟರ್‌ಗಳು ಪೆಟ್ಟಿಗೆಯಲ್ಲಿ ಏನು ತುಂಬಬೇಕೆಂದು ಕೇಳುತ್ತಾರೆ. ಟಾರ್ಚು, ಗಟ್ಟಿ ಚಪ್ಪಲಿ, ಸೊಳ್ಳೆಪರದೆ. ಪರದೆಯ ವಿಷಯದಲ್ಲಿ ಉದಾಸೀನ ಬೇಡ. 1875ರಲ್ಲಿ ಮಲಾವಿ ಸರೋವರದ ದಡದ ಕೇಪ್ ಮೆಕ್ಲಿಯರ್‌ನಲ್ಲಿ ನೆಲೆ ಹೂಡಿದ ಸ್ಕಾಟ್ಲೆಂಡಿನ ಮಿಷನರಿಗಳನ್ನು ಅಲ್ಲಿಂದ ಎಬ್ಬಿಸಿದ್ದು ಮಲೇರಿಯಾ. ಉಪ್ಪಿನಕಾಯಿ ಭರಣಿ ಮಾತ್ರ ಒಯ್ಯಬೇಡಿ. ನನ್ನ ಬೈಬಲಿಗೆ ಹತ್ತಿದ ಎಣ್ಣೆ ಇನ್ನೂ ಹೋಗಿಲ್ಲ.

ಹಳ್ಳಿ ಮುಟ್ಟಿದೊಡನೆ ಕೆಲಸಕ್ಕೆ ಇಳಿಯಬಾರದು. ಮೊದಲ ಸಲ ನಾನು, ಮಂಜುಗಡ್ಡೆ ಕರಗುತ್ತದೆಂಬ ಆತುರದಲ್ಲಿ, ಲಸಿಕೆಯ ಪೆಟ್ಟಿಗೆ ಹಿಡಿದು ನೇರ ಮರದಡಿ ಹೋಗಿ ಕುಳಿತೆ. ಮಧ್ಯಾಹ್ನದವರೆಗೆ ಒಂದು ಮಗುವೂ ಬರಲಿಲ್ಲ. ಮೊದಲು ಊರ ಯಜಮಾನರ ಮನೆಗೆ ಹೋಗಿ. ಅಂಗಳದ ಅಂಚಿನಲ್ಲಿ ನಿಂತು ‘ಓಡಿ’ (ಬರಬಹುದೇ) ಎಂದು ಕೂಗಿ, ಒಳಗಿನಿಂದ ‘ಓಡೀನಿ’ (ಬನ್ನಿ) ಬರುವವರೆಗೆ ಕಾಯಿರಿ. ಆಮೇಲೆ ಒಬ್ಬೊಬ್ಬರನ್ನೂ ‘ಮುಲಿ ಬ್ವಾಂಜಿ’, ಅಂದರೆ ಹೇಗಿದ್ದೀರಿ, ಎಂದು ವಿಚಾರಿಸಿ. ‘ಊಟ ಆಯಿತೇ’ ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ನಡೆಯುವ ನಮ್ಮ ಚಾಳಿ ಅಲ್ಲಿ ನಡೆಯುವುದಿಲ್ಲ. ನೀರು ಕೊಡುವಾಗ ಅಜ್ಜಿಯೊಬ್ಬರು ಮಂಡಿಯೂರಿದರೆ ಗಾಬರಿಯಾಗಿ ರಟ್ಟೆ ಹಿಡಿದು ಎಬ್ಬಿಸಬೇಡಿ. ನೀವೂ ಮಂಡಿ ಬಾಗಿಸಿ ತೆಗೆದುಕೊಳ್ಳಿ.

ಊಟಕ್ಕೆ ಬಿಳಿ ಮೆಕ್ಕೆಜೋಳದ ಹಿಟ್ಟಿನ ಎನ್‌ಸಿಮಾ. ಮಂಡ್ಯದಲ್ಲಿ ಆರು ವರ್ಷ ನರ್ಸಾಗಿದ್ದ ನಾನು, ಇದು ನಮ್ಮ ಮುದ್ದೆಯೇ ಎಂಬ ಜಂಬದಿಂದ ಉಂಡೆ ಮಾಡಿ ಗುಳುಂ ಎಂದು ನುಂಗಿದೆ. ಎದುರಿಗಿದ್ದ ಮಕ್ಕಳು ನನ್ನ ಗಂಟಲನ್ನೇ ನೋಡತೊಡಗಿದರು. ನುಂಗಬೇಡಿ, ಅಗಿಯಿರಿ. ಬಲಗೈಯಲ್ಲಿ ಸ್ವಲ್ಪ ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ ಕುಂಬಳ ಸೊಪ್ಪನ್ನು ಅದರಲ್ಲಿ ತುಂಬಿಕೊಳ್ಳಿ. ಬಹಳ ರುಚಿ.

ಕಷ್ಟ ಇರುವುದು ಕೋಳಿಯಲ್ಲಿ. ಫೆಬ್ರವರಿಯಲ್ಲಿ ಹಳೆಯ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸದು ಇನ್ನೂ ಹೊಲದಲ್ಲಿರುತ್ತದೆ. ಅಂಥ ದಿನದಲ್ಲಿ ವಿಧವೆಯೊಬ್ಬರು ಜೀವಂತ ಕೋಳಿ ತಂದುಕೊಟ್ಟರು. ಇದನ್ನು ಮಾರಿ ಜೋಳ ಕೊಳ್ಳಿರಿ ಎಂದು ಹಿಂದಿರುಗಿಸಿದೆ. ಅವರು ಮಾತಾಡದೆ ಕೋಳಿಯನ್ನು ಸೊಂಟಕ್ಕೆ ಸುತ್ತುವ ಬಟ್ಟೆಯಾದ ಚಿತೆಂಜೆಯ ಸೆರಗಿನಲ್ಲಿ ಮುಚ್ಚಿಕೊಂಡು, ಯಾರಿಗೂ ಕಾಣದ ಹಾಗೆ ಮನೆಯ ಹಿಂದಿನಿಂದ ಹೋದರು. ಮುಂದಿನ ಎರಡು ಭೇಟಿಯಲ್ಲಿ ಅವರು ನನಗೆ ಎದುರಾಗಲಿಲ್ಲ.

ಆದ್ದರಿಂದ ಎರಡೂ ಕೈಯಲ್ಲಿ ತೆಗೆದುಕೊಂಡು ‘ಜಿಕೋಮೊ’ (ಧನ್ಯವಾದ) ಎನ್ನಿ. ಸಕ್ಕರೆ, ಸೋಪು ಕೊಡುವುದಿದ್ದರೆ ಮುಂದಿನ ಸಲ ಕೊಡಿ. ಅಂದೇ ಕೊಟ್ಟರೆ ಕೋಳಿಗೆ ಬೆಲೆ ಕಟ್ಟಿದಂತಾಗುತ್ತದೆ. ಜೀಪಿನಲ್ಲಿ ಸೀಟಿನ ಕೆಳಗೆ ಹಳೆಯ ಪತ್ರಿಕೆ ಹಾಸಿ, ಕಾಲು ಕಟ್ಟಿದ ಕೋಳಿಯನ್ನು ಲಸಿಕೆಯ ಪೆಟ್ಟಿಗೆಯಿಂದ ದೂರವಿಡಿ.